ಕೆಳಗಿನ ಶೆಲ್ಫಿನ ನೊಣಗಳು

ದರ್ಜಿಯ ಎರಡನೇ ಮಗಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಅಂತ ಮನೆಯವರ ಮಾತು. ಊಟದ ನಡುವೆಯೂ ಎರಡು ಸಲ ಏಳುತ್ತಿದ್ದಳು. ಅಂಥವಳು ಎಂ.ಎಸ್ಸಿ., ಪಿಎಚ್.ಡಿ. ಎರಡೂ ಒಟ್ಟಿಗಿರುವ ಏಳು ವರ್ಷದ ಜೀವವಿಜ್ಞಾನದ ಓದಿಗೆ ಸೇರಿದಾಗ ಅಕ್ಕ ನಕ್ಕುಬಿಟ್ಟಳು. "ಇವಳು ಏಳು ವರ್ಷ ಒಂದೇ ಕಡೆ ಕೂರೋದಾ? ಆದಂಗಾಯ್ತು!"

ಕೂತಳು. ಎರಡು ವರ್ಷ ಪಾಠ, ಪರೀಕ್ಷೆ. ಆಮೇಲೆ ಹಣ್ಣುನೊಣಗಳು. ಅರೆಹೊಟ್ಟೆ ತಿಂದ ನೊಣ ಹೆಚ್ಚು ದಿನ ಬದುಕುತ್ತದೆಯೇ ಎಂಬುದು ಅವಳ ಪ್ರಶ್ನೆ. ದಿನಾ ಬೆಳಿಗ್ಗೆ ಗಾಜಿನ ಕೊಳವೆಗಳಲ್ಲಿ ಸತ್ತವನ್ನು ಎಣಿಸುವುದು, ಬದುಕಿದವನ್ನು ಹೊಸ ಕೊಳವೆಗೆ ತಟ್ಟಿ ಇಳಿಸುವುದು. ನಾಲ್ಕನೇ ವರ್ಷದ ಕೊನೆಗೆ ಉತ್ತರ ಸಿಕ್ಕಿತು: ಅರೆಹೊಟ್ಟೆಯವು ಹನ್ನೆರಡು ದಿನ ಹೆಚ್ಚು ಬದುಕಿದ್ದವು. "ಲೇಖನ ಬರಿ," ಎಂದರು ಗೈಡ್ ಮೇಡಂ.

ಬರೆಯಲು ಕೂತರೆ ಸಮಾಧಾನವಿಲ್ಲ. ನೊಣಗಳನ್ನು ಹದವಾದ ಬಿಸಿಯಲ್ಲಿಡುವ ಇನ್‌ಕ್ಯುಬೇಟರಿನ ಬಾಗಿಲನ್ನು ಮತ್ತೆ ಮತ್ತೆ ತೆಗೆದು ನೋಡಿದಳು. ಗೊಂದಲವಾಗದಿರಲೆಂದು ಹೊಟ್ಟೆತುಂಬ ತಿಂದವನ್ನು ಮೇಲಿನ ಶೆಲ್ಫಿನಲ್ಲಿ, ಅರೆಹೊಟ್ಟೆಯವನ್ನು ಯಾವಾಗಲೂ ಕೆಳಗಿನ ಶೆಲ್ಫಿನಲ್ಲೇ ಇಟ್ಟಿದ್ದಳು. ಮೇಲೊಂದು, ಕೆಳಗೊಂದು ಥರ್ಮಾಮೀಟರ್ ಇಟ್ಟು ಒಂದು ಗಂಟೆ ಕಾದಳು. ಕೆಳಗೆ ಮೂರು ಡಿಗ್ರಿ ಕಮ್ಮಿ! ತಣ್ಣಗಿದ್ದರೆ ನೊಣ ಹೇಗೂ ಹೆಚ್ಚು ದಿನ ಬದುಕುತ್ತದೆ. ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೂರು ದಿನ ಕಾರಿಡಾರಿನಲ್ಲಿ ಶತಪಥ ತುಳಿದಳು. ಕೊನೆಗೆ ಅಕ್ಕನಿಗೆ ಫೋನ್ ಮಾಡಿದಳು.

"ನಡುವೆ ಬಿಟ್ರೂ ಎಂ.ಎಸ್ಸಿ. ಕೊಟ್ಟು ಕಳಿಸ್ತಾರಲ್ಲ, ತಗೊಂಡು ಬಂದ್ಬಿಡೆ."

"ಬಂದ್ರೂ ತಲೇಲಿ ನೊಣ ಗುಂಯ್‌ಗುಡ್ತಾನೇ ಇರುತ್ತೆ ಅಕ್ಕ."

ನಾಲ್ಕನೇ ದಿನ ಮೇಡಂಗೆ ಎಲ್ಲ ಹೇಳಿದಳು. ಮೇಡಂ ಮುಖ ಸಪ್ಪಗಾಯಿತು.

"ಆ ಪೆಟ್ಟಿಗೇನ ನಾನೂ ನೋಡ್ಬೇಕಿತ್ತು. ಈಗೇನ್ ಮಾಡ್ತೀಯ?"

"ಮತ್ತೆ ಮಾಡ್ತೀನಿ ಮೇಡಂ. ದಿನಾ ಶೆಲ್ಫ್ ಅದಲುಬದಲು ಮಾಡ್ತೀನಿ."

ವಿಷಯ ತಿಳಿದು, ಅದೇ ಇನ್‌ಕ್ಯುಬೇಟರ್ ಬಳಸಿದ್ದ ಲ್ಯಾಬಿನ ಇನ್ನಿಬ್ಬರು ತಮ್ಮ ಹಳೆಯ ಪ್ರಯೋಗಗಳನ್ನೂ ಕೆದಕಬೇಕಾಯಿತು. ವಾರಗಟ್ಟಲೆ ಅವರು ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಮತ್ತೆರಡು ವರ್ಷ ಹಿಡಿಯಿತು. ಹನ್ನೆರಡು ದಿನದ ಅಂತರ ಎರಡು ದಿನಕ್ಕೆ ಇಳಿಯಿತು.

ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪರೀಕ್ಷಕರು ಹುಬ್ಬೇರಿಸಿದರು. "ಎರಡೇ ದಿನವಾ?"

"ಹೌದು ಸರ್. ಆದ್ರೆ ಈ ಎರಡು ದಿನ ನಿಜ."

ಅವರು ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂತರು. "ಸರಿ, ಹಾಗಾದ್ರೆ ಅದನ್ನೇ ಹೇಳಮ್ಮ."

ಒಂದೂವರೆ ಗಂಟೆ ಹೇಳಿದಳು. ಡಾಕ್ಟರೇಟ್ ಸಿಕ್ಕಿತು. ಹೊರಗೆ ಕಾಯುತ್ತಿದ್ದ ಅಕ್ಕ ಓಡಿಬಂದು ಕೈ ಹಿಡಿದಳು.

"ಮುಗೀತಾ?"

"ಮುಗೀತು. ಆದ್ರೆ ಆ ಎರಡು ದಿನ ಯಾಕೆ ಹೆಚ್ಚು ಅಂತ ಇನ್ನೂ ಗೊತ್ತಾಗಿಲ್ಲ ಅಕ್ಕ."

ಅಕ್ಕ ಹಣೆ ಚಚ್ಚಿಕೊಂಡಳು.