ಭಾವನ ಬ್ಯಾಂಕಿನ ಕೋಡ್

ಗುಂಡ್ಲುಪೇಟೆ ಮಂಡಿಯಲ್ಲಿ ಈರುಳ್ಳಿ ಆರಿಸುವ ಕುಮಾರಿಯನ್ನು ಎಲ್ಲರೂ ಬಾಯಿಸತ್ತವಳು ಅಂತಲೇ ಅಂದುಕೊಂಡಿದ್ದರು. ಅವಳ ಗಂಡನ ಅಣ್ಣ ವೃಷಭೇಂದ್ರಪ್ಪನಂತೂ ಬರೆದಿಟ್ಟುಕೊಂಡವನ ಹಾಗೆ ನಂಬಿದ್ದ. ಪಕ್ಕದ ಮನೆಯವಳಾದ ನನಗೆ ಮಾತ್ರ ಗೊತ್ತಿತ್ತು, ಅವಳು ಹಲ್ಲು ಕಚ್ಚಿಕೊಂಡಿದ್ದಾಳೆ ಅಂತ.

ಗಂಡ ಶಾಂತರಾಜು ಕೇರಳದ ರೋಡಿನಲ್ಲಿ ಲಾರಿ ಓಡಿಸುತ್ತಿದ್ದವನು. ಬತ್ತೇರಿಯ ಗೆಳೆಯನೊಬ್ಬನ ಕೈ ಹಿಡಿದು ಕುವೈತಿಗೆ ಡ್ರೈವರಾಗಿ ಹೋದ. ತಮ್ಮನ ದುಡಿಮೆ ಅಣ್ಣನ ಕೈಗೇ ಸೇರಬೇಕು ಅನ್ನುವುದು ಆ ಮನೆಯ ಪದ್ಧತಿ. ಸಾಲದೆಂದು ವೃಷಭೇಂದ್ರಪ್ಪ ಇನ್ನೊಂದು ಮಾತು ಸೇರಿಸಿದ. ಹೊರದೇಶದ ದುಡ್ಡು ಬರಲು ಬ್ಯಾಂಕಿಗೆ ಸ್ವಿಫ್ಟ್ ಕೋಡ್ ಇರಬೇಕು, ಅದು ತನ್ನ ಬ್ಯಾಂಕಿಗೆ ಇದೆ, ಕುಮಾರಿಯ ಖಾತೆ ಇರುವ ಸಣ್ಣ ಬ್ರಾಂಚಿಗೆ ಇಲ್ಲ. ಹೀಗಾಗಿ ಗ್ಯಾಸಿಗೂ ಸೋಪಿಗೂ ಅವಳು ಭಾವನ ಮುಂದೆ ಕೈ ಚಾಚಬೇಕಿತ್ತು.

ಹೋದ ವರ್ಷ ಹರದನಹಳ್ಳಿಯಲ್ಲಿ ಅವಳ ತಾಯಿ ಮರಿತಾಯಮ್ಮನಿಗೆ ಹೊಟ್ಟೆನೋವು ಜೋರಾಯಿತು. ಚಾಮರಾಜನಗರದ ಡಾಕ್ಟರು ಬೇಗ ಮೈಸೂರಿಗೆ ಸಾಗಿಸಿ, ಆಪರೇಷನ್ ಆಗಬೇಕು ಎಂದರು. ಶಾಂತರಾಜು ಅದಕ್ಕೆಂದೇ ದುಡ್ಡು ಕಳಿಸಿದ. ಕೋಡ್ ಕೆಟ್ಟಿದೆಯಂತೆ, ದುಡ್ಡು ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ಭಾವ ಮುಖ ಸಣ್ಣಗೆ ಮಾಡಿಕೊಂಡು ಹೇಳಿದ. ಆಪರೇಷನ್ ಆಗಲಿಲ್ಲ. ಮರಿತಾಯಮ್ಮ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಕುಮಾರಿ ಬ್ಯಾಂಕಿನ ಕೌಂಟರಿನಲ್ಲಿ ವಿಚಾರಿಸಿದಳು. ಸಣ್ಣ ಬ್ರಾಂಚಾದರೂ ಚಿಂತೆಯಿಲ್ಲ, ನಮ್ಮ ದೊಡ್ಡ ಬ್ರಾಂಚಿನ ಕೋಡ್ ಹಾಕಿ ನಿಮ್ಮ ಖಾತೆ ನಂಬರ್ ಕೊಟ್ಟರೆ ದುಡ್ಡು ನಿಮಗೇ ಬರುತ್ತದೆ ಎಂದರು. ಕೋಡ್ ತಪ್ಪಿದ್ದರೆ ಸಾಮಾನ್ಯವಾಗಿ ಕಳಿಸಿದವರಿಗೇ ವಾಪಸಾಗುತ್ತದೆ ಎಂದೂ ಹೇಳಿದರು. ಶಾಂತರಾಜುವಿಗೆ ಏನೂ ವಾಪಸಾಗಿರಲಿಲ್ಲ. ಆದರೂ ಅವನು ಹೆಂಡತಿಯನ್ನೇ ಗದರಿದ. ಅಪ್ಪನಿಲ್ಲದ ತನ್ನನ್ನು ಸಾಕಿದ ಅಣ್ಣ ಸುಳ್ಳು ಹೇಳುತ್ತಾನೆಯೇ?

ಕುಮಾರಿಗೆ ದುಡ್ಡು ಬೇಕಿರಲಿಲ್ಲ. ಅವ್ವನನ್ನು ಕೊಂದವನು ಯಾರೆಂದು ಗಂಡನಿಗೆ ಗೊತ್ತಾಗಬೇಕಿತ್ತು, ಅದೂ ಭಾವನ ಬಾಯಿಂದಲೇ.

ವಾದ ಬಿಟ್ಟಳು. ಭಾವನ ಕೋಡ್ ಕೆಟ್ಟಿದೆ ಅಂತ ಅವರೇ ಹೇಳಿದ್ದಾರೆ, ಸರಿಹೋಗುವವರೆಗೆ ನನಗೇ ಹಾಕಿ ಎಂದು ತನ್ನ ಖಾತೆಯ ವಿವರ ಕಳಿಸಿದಳು. ಗಂಡನಿಗೂ ಅದು ಸರಿಯೆನಿಸಿತು. ಆ ತಿಂಗಳ ದುಡ್ಡು ಅವಳಿಗೇ ಬಂತು. ಇತ್ತ ಬೈಪಾಸ್ ಪಕ್ಕ ತನ್ನ ಹೆಸರಿಗೆ ಸೈಟು ಹಿಡಿದಿದ್ದ ವೃಷಭೇಂದ್ರಪ್ಪ ಕಂತಿಗೆ ದುಡ್ಡಿಲ್ಲದೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ.

ಭಾನುವಾರ ಶಾಂತರಾಜು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ ಕುಮಾರಿ ಭಾವನನ್ನು ಕರೆಸಿದಳು. ನನ್ನನ್ನೂ ಕೂರಿಸಿಕೊಂಡಳು. ಸ್ಪೀಕರ್ ಹಾಕಿದಳು. ಅಣ್ಣಾ, ನಿನ್ನ ಕೋಡ್ ಸರಿಯಿಲ್ಲವಲ್ಲ, ಇನ್ನು ಮೇಲೆ ಇವಳಿಗೇ ಹಾಕುತ್ತೇನೆ ಎಂದು ಶಾಂತರಾಜು ಹೇಳಿದ್ದೇ ತಡ, ವೃಷಭೇಂದ್ರಪ್ಪನಿಗೆ ತಲೆ ಕೆಟ್ಟಿತು.

"ಯಾವನ್ಲಾ ಯೋಳಿದ್ದು ಕೆಟ್ಟದೆ ಅಂತ? ಒಂದ್ ಸಲನಾದ್ರೂ ನಿಂತದಾ? ನೀ ಕಳ್ಸಿದ್ದೆಲ್ಲಾ ನೆಟ್ಗೆ ಬಂದು ಬಿದ್ದದೆ ಕಣ್ಲಾ."

ಕುಮಾರಿ ದನಿ ಏರಿಸಲಿಲ್ಲ. "ಅವ್ವನ ಆಪರೇಸನ್‌ಗೆ ಕಳ್ಸಿದ್ದೂ ಬಂದಿತ್ತಾ, ಬಾವ?"

ವೃಷಭೇಂದ್ರಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಅತ್ತ ಕಡೆಯಿಂದ ಶಾಂತರಾಜುವಿನ ದನಿ ಬಂತು.

"ಅತ್ತೆ ಹೆಣಕ್ಕೆ ಹೆಗಲು ಕೊಟ್ಟೋನೂ ನೀನೇ ಅಲ್ವಣ್ಣ."

ಅಷ್ಟು ಹೇಳಿ ಫೋನ್ ಇಟ್ಟ. ಅಣ್ಣನಿಗೆ ಅವನು ಮತ್ತೆ ಫೋನ್ ಮಾಡಿಲ್ಲ. ಅಣ್ಣ ಮಾಡಿದರೆ ಎತ್ತುವುದೂ ಇಲ್ಲ. ಒಡಹುಟ್ಟಿದವರನ್ನು ಒಂದು ಮಾಡು ಅಂತ ಕುಮಾರಿಗೆ ಬುದ್ಧಿ ಹೇಳಲು ಬೀದಿಯವರೆಲ್ಲ ನನ್ನ ಬೆನ್ನು ಹತ್ತಿದ್ದಾರೆ. ನಾನು ಹೇಳಿಲ್ಲ, ಹೇಳುವುದೂ ಇಲ್ಲ.