ಗೆರೆಯ ಪಕ್ಕದಿಂದ ಕೂಗಿದ 'ಬುಡು'

ಒಂದು ಟ್ರೋಫಿಗೆ ನಾನು ಕೊಟ್ಟ ಬೆಲೆ ಒಬ್ಬ ಗೆಳೆಯ. ಹದಿನೆಂಟು ವರ್ಷ ಜೊತೆಗಿದ್ದವನು. ಟ್ರೋಫಿ ಈಗಲೂ ತುಮಕೂರಿನ ಉಪ್ಪಾರಹಳ್ಳಿಯ ನನ್ನ ಅಂಗಡಿಯಲ್ಲಿ ಹಳೇ ಹೆಲ್ಮೆಟ್ಟುಗಳ ಪಕ್ಕ ಕೂತಿದೆ. ಸೆಕೆಂಡ್ ಹ್ಯಾಂಡ್ ಬೈಕು ಕೊಂಡು ಮಾರುವವನು ನಾನು. ಕೈಯಲ್ಲಿ ಕಾಸಿಲ್ಲದೆ ಶುರುಮಾಡಿ, ಬರೀ ಬಾಯಿಂದ ಬೆಳೆದವನು. ಇಷ್ಟು ಕೆಟ್ಟ ವ್ಯಾಪಾರ ಇನ್ನೊಂದು ಮಾಡಿಲ್ಲ. ಮಾಡಿದ್ದೂ ಒಂದೇ ಮಾತಿನಲ್ಲಿ: 'ಬುಡು'.

ಗೆಳೆಯ ಸಿ.ಎಸ್. ಪುರದ ಕಡೆಯವನು, ಗುಬ್ಬಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ನಾನು ಗಾಡಿ ನೋಡಲು ಹೋದಲ್ಲೆಲ್ಲ ಜೊತೆಗೆ ಬರುತ್ತಿದ್ದ. ಇಂಜಿನ್ ಸದ್ದಿಗೆ ಕಿವಿಗೊಟ್ಟು ಕಣ್ಣಲ್ಲೇ ಹೌದು, ಇಲ್ಲ ಎನ್ನುತ್ತಿದ್ದ. ಚೌಕಾಸಿ ನನ್ನದು. ಮಾರುವವನು ಬೇಸರಪಟ್ಟು ಎದ್ದು ಹೊರಟರೆ ಗೆಳೆಯನ ಮನಸ್ಸು ಕರಗುತ್ತಿತ್ತು, ವಾಪಸ್ ಕರೆಯಲು ನೋಡುತ್ತಿದ್ದ. ನಾನು ಮೆಲ್ಲಗೆ 'ಬುಡು' ಎನ್ನುತ್ತಿದ್ದೆ. ಬಿಡು, ಹೋಗಲಿ, ತಾನೇ ಬರುತ್ತಾನೆ ಎಂದು ಅರ್ಥ. ಮುಕ್ಕಾಲು ಪಾಲು ಜನ ಬರುತ್ತಿದ್ದರು, ನನ್ನ ರೇಟಿಗೇ.

ಭಾನುವಾರ ಮಾತ್ರ ನಾವು ಎದುರಾಳಿಗಳು. ತುಮಕೂರಿನಲ್ಲಿ ನಾನೊಂದು ಫುಟ್‌ಬಾಲ್ ಟೀಮು ಕಟ್ಟಿದ್ದೆ. ಎಲ್ಲ ದುಡಿದು ತಿನ್ನುವ, ಹೊಟ್ಟೆ ಬಂದ ಗಂಡಸರು. ಅವನು ಗುಬ್ಬಿ ಟೀಮಿನ ಡಿಫೆಂಡರ್. ಕುಣಿಗಲ್‌ನಲ್ಲಿ ನಡೆದ ಒಂದು ಟೂರ್ನಮೆಂಟಿನ ಫೈನಲ್ಲಿಗೆ ಎರಡೂ ಟೀಮು ಬಂದವು.

ನಮ್ಮ ಆಟದಲ್ಲಿ ಒಂದು ವಾಡಿಕೆಯಿದೆ. ಯಾರಾದರೂ ಪೆಟ್ಟಾಗಿ ಬಿದ್ದರೆ ರೆಫರಿಯ ವಿಶಲ್‌ಗೆ ಕಾಯುವುದಿಲ್ಲ. ಚೆಂಡು ಯಾರ ಕಾಲಲ್ಲಿದೆಯೋ ಅವನೇ ಅದನ್ನು ಗೆರೆಯಾಚೆ ಬಿಡುತ್ತಾನೆ. ಬಿದ್ದವನನ್ನು ಎತ್ತಿ ನೋಡಿದ ಮೇಲೆ, ಎದುರಿನವರು ಚೆಂಡನ್ನು ಮರಳಿ ಕೊಡುತ್ತಾರೆ. ರೂಲಲ್ಲ, ಮರ್ಯಾದೆ. 'ಚೆಂಡು ಬುಡು' ಎಂದು ಪಕ್ಕದಿಂದ ಯಾರಾದರೂ ಕೂಗುತ್ತಾರೆ.

ಎರಡೂ ಕಡೆ ಒಂದೊಂದು ಗೋಲು, ಇನ್ನು ನಾಲ್ಕೈದು ನಿಮಿಷ ಬಾಕಿ. ನನ್ನ ಗೆಳೆಯ ಹೆಡ್ ಮಾಡಲು ಎಗರಿ, ಇಳಿಯುವಾಗ ಮೊಣಕಾಲು ತಿರುಚಿ ಬಿದ್ದ. ರೆಫರಿಯ ಕಣ್ಣು ಚೆಂಡಿನ ಮೇಲಿತ್ತು. ಚೆಂಡು ಬಂದದ್ದು ನಮ್ಮ ಫಾರ್ವರ್ಡ್ ಕಾಲಿಗೆ. ನನ್ನ ಗಾಡಿಗಳಿಗೆ ಪೇಂಟ್ ಹೊಡೆಯುವವನು ಅವನು. ಮುಂದೆ ಕೀಪರ್ ಒಬ್ಬನೇ. ಚೆಂಡಿನ ಮೇಲೆ ಕಾಲಿಟ್ಟು ನಿಂತು, ಬಿದ್ದವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಬುಡ್ಲಾ, ಬುಡು" ಎಂದು ಗೆರೆಯ ಪಕ್ಕದಿಂದ ಕೂಗಿದೆ.

ಅವನು ಬಿದ್ದವನನ್ನು ಬಿಟ್ಟು ಓಡಿದ. ಗೋಲು.

ಗುಬ್ಬಿಯವರು ಬಂದು ಮುತ್ತಿಕೊಂಡರು. ಚೆಂಡು ಬುಡು ಎಂದೆನೇ ಹೊರತು ಬಿದ್ದವನನ್ನು ಬುಡು ಎನ್ನಲಿಲ್ಲ ಎಂದು ನಾನು ವಾದಿಸಿದೆ. ಪೇಂಟರ್ ತಲೆ ತಗ್ಗಿಸಿ, "ನೀವ್ ಹೇಳ್ದಂಗೇ ಮಾಡಿದೀನಿ ಅಣ್ಣ" ಎಂದ. ವಿಶಲ್ ಆಗಿಲ್ಲ, ಗೋಲು ಗೋಲೇ ಎಂದರು ರೆಫರಿ.

ಆಗ ಗುಬ್ಬಿ ಕ್ಯಾಪ್ಟನ್ ಒಂದು ನ್ಯಾಯದ ಮಾತು ಹೇಳಿದ. ನಾವೊಂದು ಗೋಲು ಹೊಡೆಯುತ್ತೇವೆ, ನಿಮ್ಮವರು ಅಡ್ಡ ಬರಬಾರದು, ಸಮ ಆಗಲಿ, ಆಮೇಲೆ ಆಡೋಣ. ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲು ಹೇಳಿದ ರೇಟಿಗೆ ಜೀವನದಲ್ಲಿ ಒಪ್ಪಿದವನಲ್ಲ ನಾನು. ಬೇರೆಯವರು ಸರಿಯುತ್ತಾರೆ, ಕೀಪರ್ ಮಾತ್ರ ನಿಂತಿರುತ್ತಾನೆ ಎಂದೆ.

"ಇದು ಗಾಡಿ ಅಲ್ಲ ಅಣ್ಣ" ಎಂದು ಆ ಕ್ಯಾಪ್ಟನ್ ಬೆನ್ನು ತಿರುಗಿಸಿ ನಡೆದ. ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಆಟ ಮುಗಿಯಿತು, ನಾವು ಗೆದ್ದೆವು.

ಗೆಳೆಯ ಬೇವಿನ ಮರದಡಿ ಕಾಲು ಚಾಚಿ ಕೂತಿದ್ದ. ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಅವನಿಗೂ ಅದೇ ಹೇಳಿದೆ: ಚೆಂಡು ಬುಡು ಅಂದಿದ್ದು ಕಣೋ, ಆ ಪೇಂಟರ್ ತಪ್ಪು ತಿಳಿದುಕೊಂಡ.

"ಹದಿನೆಂಟ್ ವರ್ಷದಿಂದ ಪಕ್ಕದಲ್ಲಿ ಕೂತು ಕೇಳಿದೀನಿ ಕಣೋ ಆ ಬುಡುನ. ಯಾರ್ಗ್ ಹೇಳ್ತೀಯ?" ಎಂದ. ದನಿ ಏರಿಸಲಿಲ್ಲ. ಎತ್ತಿ ಕಾರಿನಲ್ಲಿ ಕೂರಿಸಲು ಕೈ ಚಾಚಿದೆ. "ಈಗ ನನ್ನೂ ಬುಡು" ಎಂದ.

ಅವನಿಗೆ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋದರೆ ಗೋಡೆ ಕಡೆ ತಿರುಗಿ ಮಲಗಿದ. ಈಗ ಕುಂಟುತ್ತಲೇ ಗ್ಯಾರೇಜು ನಡೆಸುತ್ತಾನೆ, ನನ್ನ ಫೋನ್ ಎತ್ತುವುದಿಲ್ಲ. ಗಾಡಿಗಳಿಗೆ ನಾನೇ ಕಿವಿಗೊಡುತ್ತೇನೆ. ಎಲ್ಲ ಇಂಜಿನ್ನುಗಳೂ ಒಂದೇ ಥರ ಕೇಳಿಸುತ್ತವೆ. ಗಿರಾಕಿಗಳು ಟ್ರೋಫಿ ನೋಡಿ ಭೇಷ್ ಎನ್ನುತ್ತಾರೆ. ಪೇಂಟರ್ ತಪ್ಪು ತಿಳಿದುಕೊಂಡ ಎಂದು ಊರೆಲ್ಲ ನಂಬಿದೆ. ಅವನು ಸರಿಯಾಗಿಯೇ ತಿಳಿದುಕೊಂಡಿದ್ದ.

ನೀವೂ ಟೀಮು ನಡೆಸುವವರಾದರೆ ಕೇಳಿ. ಟಾಸಿಗೆ ಮೊದಲೇ ಎದುರಿನ ಕ್ಯಾಪ್ಟನ್ ಜೊತೆ ಕೂತು, ಯಾರಾದರೂ ಬಿದ್ದರೆ ಏನು ಕೂಗಬೇಕು ಎಂದು ಗೊತ್ತುಮಾಡಿ. 'ಔಟ್' ಎನ್ನಿ, 'ಬುಡು' ಬೇಡ. ಬಿದ್ದವನು ನಾಟಕ ಆಡುತ್ತಿದ್ದಾನೆ ಎನಿಸಿದರೂ ಚೆಂಡನ್ನು ಆಚೆ ಹಾಕಿ. ಮೋಸ ಹೋದರೆ ಒಂದು ಥ್ರೋ ಹೋದೀತು. ಗೋಲು ವಾಪಸ್ ಕೇಳಿದರೆ ಕೇಳಿದಷ್ಟಕ್ಕೇ ಕೊಟ್ಟುಬಿಡಿ. ಮತ್ತೆ, ಗೆರೆಯ ಪಕ್ಕ ನಿಂತು ಕೂಗುವ ಕೆಲಸವನ್ನು ನನ್ನಂಥ ವ್ಯಾಪಾರಿಗೆ ಕೊಡಬೇಡಿ.