ಅಭಿಮಾನ ಎಂಬ ಹಿಂದಿ ಶಬ್ದ

ದಿಲ್ಲಿಯ ಮುಖರ್ಜಿ ನಗರದ ಮೂರನೆಯ ಮಹಡಿಯ ತಾರಸಿಯಲ್ಲಿ ಕೂತು ನಾನೊಬ್ಬನ ಬದುಕನ್ನು ಹಾಳು ಮಾಡಿದೆ ಎಂದು ಹೇಳಿಕೊಂಡರೆ ಅದೂ ಜಂಬವೇ ಆದೀತು. ಒಂದು ಉತ್ತರದಿಂದ ಯಾರ ಬದುಕೂ ಹಾಳಾಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹಾಗಿದ್ದರೆ ಹೀಗೆನ್ನುತ್ತೇನೆ: ಹಾಳಾಗಲಿ ಎಂದುಕೊಂಡೇ ಬಾಯಿ ಮುಚ್ಚಿಕೊಂಡಿದ್ದೆ.

ಅವನು ತುಮಕೂರು ಕಡೆಯವನು, ನನಗಿಂತ ಆರು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ. ಸಿವಿಲ್ ಸರ್ವೀಸ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತೇನೆಂದು ಹಟ ಹಿಡಿದು ದಿಲ್ಲಿಗೆ ಬಂದಿದ್ದ. ಮೂರು ಸಲ ಬರೆದು ಸೋತಿದ್ದ, ನಿಯಮದ ಪ್ರಕಾರ ಉಳಿದದ್ದು ಇನ್ನೊಂದೇ ಸಲ. ನಾನು ದಿಲ್ಲಿಯಲ್ಲೇ ಹುಟ್ಟಿದವನು, ಕೇಂದ್ರ ಸರ್ಕಾರದ ಗುಮಾಸ್ತರ ಮಗ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆವು, ಆದರೆ ಓದು ಬರಹ ನನಗೆ ಬರುತ್ತಿರಲಿಲ್ಲ. ಇಬ್ಬರಿಗೂ ಇತಿಹಾಸವೇ ವಿಷಯ. ಕೋಚಿಂಗ್‌ನ ಮೇಷ್ಟ್ರು ಪಾಠ ಮಾಡುತ್ತಿದ್ದುದು ಹಿಂದಿಯಲ್ಲಿ. ಅಣ್ಣನ ಹಿಂದಿಯೋ, ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟು. ಹಾಗಾಗಿ ಒಂದು ಒಪ್ಪಂದವಾಗಿತ್ತು. ದಿನಾ ಸಂಜೆ ತಾರಸಿಯಲ್ಲಿ ನಾನು ಪಾಠವನ್ನು ಕನ್ನಡದಲ್ಲಿ ಹೇಳಬೇಕು, ಅವನು ಬರೆದುಕೊಳ್ಳಬೇಕು. ಆಮೇಲೆ ಅರ್ಧ ಗಂಟೆ ಅವನು ನನಗೆ ಅಕ್ಷರ ಕಲಿಸಬೇಕು. ಹಿಂದಿಯ ಸಂಸ್ಕೃತ ಪದಗಳನ್ನು ನಾನು ಹಾಗೆ ಹಾಗೆಯೇ ಕನ್ನಡಕ್ಕೆ ದಾಟಿಸಿಬಿಡುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸರಿಹೋಗುತ್ತಿದ್ದವು.

ಹತ್ತನೆಯದು ಮೊದಲು ನನಗೇ ಕಚ್ಚಿತು. ನಾನು ಕೋಚಿಂಗ್‌ಗೆ ಸೇರಿದ ಮೊದಲ ನವೆಂಬರಿನಲ್ಲಿ ಕರೋಲ್ ಬಾಗ್‌ನ ಒಂದು ಬಾಡಿಗೆ ಹಾಲಿನಲ್ಲಿ ರಾಜ್ಯೋತ್ಸವ. ನಿರೂಪಣೆ ಅಣ್ಣನದು, ನನ್ನದು ಎರಡು ನಿಮಿಷದ ಭಾಷಣ. ಮಗ ವೇದಿಕೆಯ ಮೇಲೆ ಕನ್ನಡ ಮಾತಾಡುವುದನ್ನು ನೋಡಬೇಕೆಂದು ಅಪ್ಪ ಇದ್ದ ಒಂದೇ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾಗರಿ ಲಿಪಿಯಲ್ಲಿ ಬರೆದುಕೊಂಡಿದ್ದ ಚೀಟಿ ಹಿಡಿದು ನಾನು ಶುರುಮಾಡಿದೆ: "ನನಗೆ ಈ ಅವಸರ ಕೊಟ್ಟಿದ್ದಕ್ಕೆ ನಿಮಗೆಲ್ಲ ಧನ್ಯವಾದ."

ಹಿಂದಿಯಲ್ಲಿ ಅವಸರ ಎಂದರೆ ಅವಕಾಶ. ಕನ್ನಡದಲ್ಲಿ ಏನೆಂದು ನಿಮಗೆ ಗೊತ್ತು. ಹಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಅದು ಅಲ್ಲಿಗೇ ಅಡಗುತ್ತಿತ್ತು, ಅಣ್ಣ ಬಿಡಲಿಲ್ಲ. ಮೈಕು ಎಳೆದುಕೊಂಡು, "ಅಷ್ಟು ಅವಸರ ಆಗಿದ್ರೆ ಕಕ್ಕಸಿಗೆ ಹೋಗಿ ಬಂದು ಮಾತಾಡಪ್ಪ, ನಾವು ಕಾಯ್ತೀವಿ" ಎಂದ. ಜನ ಕುರ್ಚಿ ತಟ್ಟಿ ನಕ್ಕರು. ಅಪ್ಪನೂ ನಕ್ಕರು. ಅಪ್ಪ ನಕ್ಕಿದ್ದನ್ನು ನಾನು ನೋಡಬಾರದಿತ್ತು.

ಅವತ್ತಿನಿಂದ ನನ್ನ ಹೆಸರು ಅವಸರ ಎಂದಾಯಿತು. ಏ ಅವಸರಾ, ಟೀ ತಗೊಂಡು ಬಾ. ಅವಸರಾ, ಒತ್ತಕ್ಷರ ತಪ್ಪಿದೆ ನೋಡು. ಊರಿಂದ ಯಾರಾದರೂ ಬಂದರೆ ಇಡೀ ಕಥೆಯನ್ನು ಮೊದಲಿಂದ ಹೇಳಿ, "ಇವ್ರು ಹಿಂದಿ ಕನ್ನಡಿಗರು" ಎಂದು ಪರಿಚಯಿಸುತ್ತಿದ್ದ. ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಬೂದಿ ಮುಚ್ಚಿದ ಕೆಂಡ.

ಮುಂದಿನ ವರ್ಷ, ಮುಖ್ಯ ಪರೀಕ್ಷೆಗೆ ತಿಂಗಳಿರುವಾಗ, ಮೇಷ್ಟ್ರು ಮೊದಲ ಮಹಾಯುದ್ಧದ ಕಾರಣಗಳನ್ನು ಮತ್ತೊಮ್ಮೆ ಹೇಳಿದರು. ಜರ್ಮನಿ ಯುದ್ಧನೌಕೆ ಕಟ್ಟಲು ಹೊರಟರೆ ಬ್ರಿಟನ್ ಅದಕ್ಕಿಂತ ಹೆಚ್ಚು ಕಟ್ಟಿತು. ಪುಟ್ಟ ಮಕ್ಕಳಿಗೂ ನಾವಿಕರ ಅಂಗಿ ಹೊಲಿಸಿ ತಾಯಂದಿರು ಹಿಗ್ಗಿದರು. ಆಫ್ರಿಕಾದ ನಕಾಶೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದವರು ಆ ಗೆರೆಯ ಕೆಳಗೆ ಯಾರ ಮನೆ ಇದೆ ಎಂದು ಕೇಳಲಿಲ್ಲ. ಕೊನೆಗೆ ಮೇಷ್ಟ್ರು ಹೇಳಿದ್ದು ಇದು: "ರಾಷ್ಟ್ರ್ ಸೇ ಪ್ರೇಮ್ ಠೀಕ್ ಹೈ. ಪ್ರೇಮ್ ಜಬ್ ಅಭಿಮಾನ್ ಬನ್ ಗಯಾ, ತೋ ಪಡೋಸೀ ಕಾ ಆಂಗನ್ ಭೀ ಚಾಹಿಯೇ ಥಾ." ದೇಶದ ಮೇಲಿನ ಪ್ರೀತಿ ಸೊಕ್ಕಾದಾಗ ನೆರೆಯವನ ಅಂಗಳವೂ ಬೇಕಾಯಿತು ಎಂದು. ಹಿಂದಿಯ ಅಭಿಮಾನ ಸೊಕ್ಕು, ಅಹಂಕಾರ. ಪ್ರತಿ ದಸರೆಗೂ ರಾಮಲೀಲಾ ನೋಡಿ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾವಣ ಸುಟ್ಟುಹೋಗುವುದೇ ತನ್ನ ಅಭಿಮಾನದಿಂದ.

ಆ ಸಂಜೆ ತಾರಸಿಯಲ್ಲಿ, "ಅಭಿಮಾನವೇ ಸಾಮ್ರಾಜ್ಯ ವಿಸ್ತರಣೆಗೆ ಮೂಲ, ಬರ್ಕೋ" ಎಂದೆ.

ಅಣ್ಣನ ಪೆನ್ನು ನಿಂತಿತು. "ಅಭಿಮಾನ ಹೆಂಗೋ ಯುದ್ಧ ಮಾಡಿಸ್ತದೆ? ದೇಶಾಭಿಮಾನ ಇಲ್ದಿದ್ರೆ ನಮಗೆ ಸ್ವಾತಂತ್ರ್ಯ ಬರ್ತಿತ್ತಾ? ಭಾಷಾಭಿಮಾನ ಇಲ್ದಿದ್ರೆ ನಾನು ಇಲ್ಲಿ ಬಂದು ಒದ್ದಾಡ್ತಿದ್ನಾ?"

"ಸರ್ ಹೇಳಿದ್ದು ಅದೇ ಅಣ್ಣ."

"ಸರಿಯಾಗಿ ಕೇಳಿಸ್ಕೊಂಡ್ಯೇನೋ, ಅವಸರಾ?"

ಆ ಹೆಸರು ಅವನ ಬಾಯಿಂದ ಬರದಿದ್ದರೆ ಹೇಳುತ್ತಿದ್ದೆನೋ ಏನೋ. ಜಂಬ ಎಂಬ ಎರಡಕ್ಷರ ಸಾಕಿತ್ತು. ಅದು ನಾಲಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. "ಕೇಳಿಸ್ಕೊಂಡೆ. ಅಭಿಮಾನ ಅಂತಲೇ ಅಂದ್ರು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಸೈನಿಕಬಲದ ಹುಚ್ಚು ಮತ್ತು ರಾಷ್ಟ್ರೀಯತೆ ಸಾಮ್ರಾಜ್ಯಗಳನ್ನು ಹೇಗೆ ಹಿಗ್ಗಿಸಿದವು ಎಂದು. ಅಣ್ಣ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. "ಮೇಷ್ಟ್ರು ಹೇಳಿದ್ದನ್ನ ಒಪ್ಪೋಕೆ ಆಗ್ಲಿಲ್ಲ ಕಣೋ. ಎದುರು ವಾದ ಹಾಕ್ಬಿಟ್ಟೆ! ಅಭಿಮಾನ ಯಾವತ್ತೂ ತಪ್ಪಲ್ಲ, ಅಭಿಮಾನ ಇರೋ ದೇಶ ಬೆಳೀಲೇಬೇಕು, ಬೆಳೆಯೋದಕ್ಕೆ ಜಾಗ ಬೇಕೇಬೇಕು ಅಂತ ನಾಲ್ಕು ಪುಟ ಬರೆದೆ."

ಅಂದರೆ ಇಡೀ ಆಫ್ರಿಕಾವನ್ನು ಒಂದು ಕನ್ನಡ ಪದದ ಮರ್ಯಾದೆಗಾಗಿ ಬರೆದುಕೊಟ್ಟು ಬಂದಿದ್ದ. ನಾನು ತಳ್ಳಿದ್ದು ಒಂದು ಪದದಷ್ಟು, ಉಳಿದ ದೂರ ಅವನೇ ಜಾರಿದ. ಸೇಡು ಇಟ್ಟುಕೊಂಡವನು ಹೀಗೆಯೇ ಲೆಕ್ಕ ಹಾಕುವುದು. "ಚೆನ್ನಾಗಿ ಬರ್ದಿದ್ದೀಯ ಅಣ್ಣ" ಎಂದೆ. ನನಗೆ ಸಂತೋಷವಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಸಮೋಸ ತಂದು ಇಬ್ಬರೂ ತಿಂದೆವು.

ಮಾರ್ಚಿನಲ್ಲಿ ಪಟ್ಟಿ ಬಂತು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದ ನನ್ನ ನಂಬರು ಅದರಲ್ಲಿತ್ತು, ಅವನದು ಇರಲಿಲ್ಲ. ಎರಡು ಸಲ ಬೆರಳಿಟ್ಟು ಹುಡುಕಿ, ಆಮೇಲೆ ನನ್ನನ್ನು ತಬ್ಬಿಕೊಂಡ. ಅವನ ಬೆವರಿನ ವಾಸನೆ ಇವತ್ತಿಗೂ ನೆನಪಿದೆ.

ಊರಿಗೆ ಹೊರಡುವ ದಿನ ಅಪ್ಪನಿಗೆ ಹೇಳಿ ಹೋಗಲು ನಮ್ಮ ಕ್ವಾರ್ಟರ್ಸಿಗೆ ಬಂದ. ಕೈಯಲ್ಲಿ ತನ್ನ ಕನ್ನಡ ನಿಘಂಟು, ಅಂಚೆಲ್ಲ ಕಪ್ಪಾದದ್ದು. "ನನಗಿನ್ನು ಯಾಕೆ? ಇವನಿಗಿರಲಿ ಸರ್. ಬರೆಯೋದು ಬಿಡಬಾರ್ದು" ಎಂದು ಅಪ್ಪನ ಕೈಗೆ ಕೊಟ್ಟ. ಅಪ್ಪ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದರು: "ನನ್ನ ತಮ್ಮನಿಗೆ, ಅಭಿಮಾನದಿಂದ."

ಶಾಲೆಗೆ ಹೋಗುತ್ತಿದ್ದ ನನ್ನ ತಂಗಿ ಟೀ ತಂದಿಡುತ್ತಾ ಕಿಲಕಿಲ ನಕ್ಕಳು. "ಅಭಿಮಾನ್ ಸೇ? ಕಿಸ್ ಬಾತ್ ಕಾ ಘಮಂಡ್ ಹೈ ಭಯ್ಯಾ ಕೋ?"

ಘಮಂಡ್ ಎಂಬ ಪದ ಅಣ್ಣನಿಗೆ ಗೊತ್ತಿತ್ತು. ಬಸ್ಸಿನ ಜಗಳಗಳಲ್ಲಿ ಕೇಳಿದ್ದ. "ಘಮಂಡ್ ಅಂದ್ರೆ ಜಂಬ ಅಲ್ವೇನಮ್ಮ?" ಎಂದ.

ಉತ್ತರ ಕೊಟ್ಟವರು ಅಪ್ಪ, ನಗುನಗುತ್ತಾ. "ಹಿಂದೀಲಿ ಅಭಿಮಾನ ಅಂದ್ರೆ ಅಹಂಕಾರ ಕಣಪ್ಪಾ! ಇಷ್ಟು ವರ್ಷ ಇಲ್ಲಿದ್ದು ಗೊತ್ತಾಗ್ಲಿಲ್ವಾ? ನಮ್ಮ ಇವನಿಗೆ ಚಿಕ್ಕಂದಿನಿಂದ ಗೊತ್ತು. ಪ್ರತಿ ವರ್ಷ ರಾಮಲೀಲಾದಲ್ಲಿ ನನ್ನ ಹೆಗಲ ಮೇಲೆ ಕೂತು ಕೇಳಿದ್ದಾನೆ."

ಅಣ್ಣ ನನ್ನ ಕಡೆ ತಿರುಗಿದ. ತಾರಸಿಯ ಆ ಸಂಜೆ ಅವನ ಕಣ್ಣಲ್ಲಿ ಸಾಲು ಸಾಲಾಗಿ ಹಾದುಹೋದದ್ದು ನನಗೆ ಕಾಣಿಸಿತು. ನಾನು ಟೀ ಲೋಟ ನೋಡುತ್ತಾ ಕೂತೆ. ಅವನು ಚೀಲ ಹೆಗಲಿಗೇರಿಸಿ ಎದ್ದ. ಟೀ ಕುಡಿದು ಹೋಗಪ್ಪ ಎಂದು ಅಪ್ಪ ಒತ್ತಾಯ ಮಾಡಿದರು.

"ಇಲ್ಲ ಸರ್, ರೈಲಿಗೆ ಹೊತ್ತಾಯ್ತು" ಎಂದ. "ಅವಸರ ಇದೆ."

ಆ ಪದಕ್ಕೆ ಯಾರೂ ನಗಲಿಲ್ಲ.